ಮಾರಾಟವಾಗಿದೆ
ಕೆಸರು, ಮರಳು, ಗುಡ್ಡ ಎನ್ನದೆ ಓಡುವ ದಪ್ಪ ಚಕ್ರದ ಮೋಜಿನ ಗಾಡಿಗಳನ್ನು ಮಾರುವ ಈ ಮನುಷ್ಯನನ್ನು ಬೀದಿಯವರೆಲ್ಲ ಕೆಸರುಗಾಡಿ ಅಣ್ಣ ಎನ್ನುತ್ತಾರೆ. ಅವನ ಷೋರೂಮಿನಲ್ಲಿ ಮಾತ್ರ ಹುಡುಕಿದರೂ ಚಿಟಿಕೆ ಕೆಸರು ಸಿಗದು. ಬೆಳಿಗ್ಗೆ ಬಂದವನೇ ಮಗುವಿನ ಮುಖ ಒರೆಸುವ ಹಾಗೆ ಒಂದೊಂದು ಗಾಡಿಯನ್ನೂ ಒರೆಸುತ್ತಾನೆ, ಟೈರಿನ ಸಂದುಗಳನ್ನು ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ತಿಕ್ಕುತ್ತಾನೆ, ಆಮೇಲೆ ಗಾಜಿಗೆ ಮೂಗು ಒತ್ತಿ ಇಂಥದ್ದೇ ಗಾಡಿ ಮಾರುವ ಎದುರಿನ ಹೊಸ ಷೋರೂಮಿಗೆ ಹೋಗುವವರನ್ನು ಎಣಿಸುತ್ತಾನೆ. “ಇವತ್ತು ಅವರಿಗೆ ಒಂಬತ್ತು ಜನ ಕಣೇ,” ಎಂದು ಹೆಂಡತಿಗೆ ಫೋನು. “ನಮಗೆ?” “ಒಬ್ಬರು ಬಂದಿದ್ರು, ದಾರಿ ಕೇಳೋಕೆ.” “ಎಲ್ಲಿಗಂತೆ?” “ಎದುರುಗಡೆಗೆ.” ಈ ತಿಂಗಳು ಒಂದಾದರೂ ಗಾಡಿ ಹೋಗದಿದ್ದರೆ ಏಜೆನ್ಸಿ ಎದುರಿನವರಿಗೇ ಎಂದು ಕಂಪನಿ ಹೇಳಿದ ಮೇಲೆ, ವ್ಯಾಪಾರ ಜೋರಾಗಿರುವಂತೆ ಕಾಣಲಿ ಎಂದು ಒಂದು ಗಾಡಿಗೆ ‘ಮಾರಾಟವಾಗಿದೆ’ ಎಂಬ ಚೀಟಿ ಅಂಟಿಸಿದ, ನೋಡಲು ಚೆಂದ ಕಂಡಿತೆಂದು ಇನ್ನೊಂದಕ್ಕೆ, ಕೊನೆಗೆ ಅಲ್ಲಿದ್ದ ಆರಕ್ಕೂ. ನಿನ್ನೆ ಒಬ್ಬ ಹಿರಿಯ ಹೆಂಗಸು ಮಂಡಿ ಹಿಡಿದುಕೊಂಡು ಒಳಗೆ ಬಂದರು. “ಗುಡ್ಡದ ತೋಟಕ್ಕೆ ನಡೆಯೋಕಾಗಲ್ಲಪ್ಪ, ಇಂಥದ್ದೇ ಬೇಕಿತ್ತು,” ಎನ್ನುತ್ತಾ ಚೀಟಿಗಳನ್ನು ಒಂದೊಂದಾಗಿ ಓದಿದರು. “ಒಂದೂ ಉಳಿದಿಲ್ವೇ?” ಚೀಟಿ ಸುಳ್ಳು ಎನ್ನುವ ಮಾತು ತುದಿನಾಲಿಗೆಗೆ ಬಂತು, ತನ್ನನ್ನು ಸುಳ್ಳುಗಾರನೆಂದು ತಿಳಿದಾರು ಎಂದು ನುಂಗಿಕೊಂಡ. “ಎಲ್ಲಾ ಹೋಯ್ತಮ್ಮ.” “ಇರಲಿ ಬಿಡು ಮಗಾ. ನಿನ್ನ ವ್ಯಾಪಾರ ಹೀಗೇ ಚೆನ್ನಾಗಿ ನಡೀಲಿ,” ಎಂದು ಆಕೆ ಮನಸಾರೆ ಹರಸಿ, ಕುಂಟುತ್ತಲೇ ರಸ್ತೆ ದಾಟಿದರು. ಬಾಗಿಲು ತೆರೆದು ಹಿಡಿದಿದ್ದ ಅವನಿಗೆ ಆ ಹಾರೈಕೆಯನ್ನು ಎಲ್ಲಿ ಇಟ್ಟುಕೊಳ್ಳಬೇಕೋ ತಿಳಿಯದೆ ಮುಖವೆಲ್ಲ ಕಾದುಹೋಯಿತು.