ಈರಬಸಪ್ಪ ಸತ್ತ ಸಿನೆಮಾಗಳು

ಪುಣೆಯ ನಮ್ಮ ವಾಡೆಯಲ್ಲಿ ಬಾಡಿಗೆಗಿದ್ದ ಈರಬಸಪ್ಪ ಕಾಕಾ ಮೇಲಿಂದ ಮೇಲೆ ಸಾಯುತ್ತಿದ್ದರು. ಸತ್ತ ದಿನ ಸಂಜೆ ಸೈಕಲ್ ಹೊಡೆದುಕೊಂಡು ಮನೆಗೆ ಬಂದು, ಕೈಕಾಲು ತೊಳೆದು, ಝುಣಕ ರೊಟ್ಟಿ ಉಂಡು ಮಲಗುತ್ತಿದ್ದರು. ಇದು ಅವರ ಉದ್ಯೋಗ. ನಗುವವರು ನಗಲಿ, ಬದುಕಿದ್ದೂ ಏನೂ ಮಾಡದವರನ್ನು ನಾನು ಈ ಊರಿನಲ್ಲಿ ಬೇಕಾದಷ್ಟು ನೋಡಿದ್ದೇನೆ.

ಕಾಕಾ ಧಾರವಾಡದ ಕಡೆಯವರು. ಗರಡಿಯಲ್ಲಿ ಬೆಳೆಸಿದ ಮೈ. ನಾಟಕ ಕಂಪನಿಯೊಂದರಲ್ಲಿ ಭೀಮನಾಗಿ ಊರೂರು ತಿರುಗಿ ಪುಣೆಗೆ ಬಂದಾಗ ಮಾಲಕರಿಬ್ಬರು ಜಗಳಾಡಿ ಕಂಪನಿ ಒಡೆಯಿತು. ಕಾಕಾನ ಪಾಲಿಗೆ ಒಂದು ಗದೆ ಬಂತು. ಆಗಿನ್ನೂ ಮೂಕಿ ಚಿತ್ರಗಳ ಕಾಲ. ಸಿನೆಮಾ ಕಂಪನಿಯವರು ಕಾಕಾನ ಎದೆಯ ಅಗಲ ನೋಡಿ, ಕೈಗೆ ಈಟಿ ಕೊಟ್ಟು ಸಿಂಹಾಸನದ ಪಕ್ಕ ನಿಲ್ಲಿಸಿದರು. ರಾಜರು ಬದಲಾದರು, ರಾಜ್ಯಗಳು ಬದಲಾದವು, ಈಟಿ ಹಿಡಿದ ಕಾಕಾ ಬದಲಾಗಲಿಲ್ಲ. ನಡುನಡುವೆ ಸೆಟ್ಟಿಗೆ ಬಣ್ಣ ಬಳಿದರು, ಕುದುರೆಗಳಿಗೆ ಮೇವು ಹಾಕಿದರು, ನಾಯಕನ ಬದಲು ಗೋಡೆ ಹಾರಿದರು. ಒಂದು ಚಿತ್ರದಲ್ಲಿ ಸೀರೆ ಉಟ್ಟು ರಾಕ್ಷಸಿಯೂ ಆದರು.

ಆಮೇಲೆ ಸಿನೆಮಾ ಮಾತಾಡಲು ಕಲಿಯಿತು. ಕಾಕಾನ ಮರಾಠಿಯಲ್ಲಿ ಪ್ರತಿ ಮಾತಿನ ಕೊನೆಗೂ ಧಾರವಾಡ ತಲೆ ಹಾಕುತ್ತಿತ್ತು. ಮಹಾರಾಜರಿಗೆ ಜಯವಾಗಲಿ ಎಂದು ಅವರು ಕೂಗಿದರೆ ಸೆಟ್ಟಿನಲ್ಲಿದ್ದವರೆಲ್ಲ, ಮಹಾರಾಜರೂ ಸೇರಿ, ನಗುತ್ತಿದ್ದರು. ನಿರ್ದೇಶಕ ಬಿಂದುಮಾಧವರಾಯರು ಬೆಳಗಾವಿಯವರು, ಕನ್ನಡ ಬಲ್ಲವರು. ತಮ್ಮ ಕಡೆಯ ಮನುಷ್ಯನನ್ನು ಹೊರಗೆ ಹಾಕಲು ಮನಸ್ಸಾಗದೆ, ಬಾಯಿ ಬಿಡುವ ಅಗತ್ಯವೇ ಇಲ್ಲದ ಒಂದು ಪಾತ್ರ ಹುಡುಕಿ ಕೊಟ್ಟರು. ಹೆಣದ ಪಾತ್ರ.

ಮೊದಲ ದಿನ ಸಾಯಿರಿ ಎಂದಾಗ ಕಾಕಾ ಚಕ್ಕಳಮಕ್ಕಳ ಹಾಕಿ ಗೋಡೆಗೆ ಒರಗಿ ಕೂತು ಕತ್ತು ವಾಲಿಸಿದರು. ಅವರು ಲಿಂಗವಂತರು, ಅವರಲ್ಲಿ ಸತ್ತವರನ್ನು ಕೂರಿಸಿ, ಕೂತಂತೆಯೇ ಮಣ್ಣು ಕೊಡುತ್ತಾರೆ. ಸತ್ತವನು ಅಡ್ಡ ಮಲಗಬೇಕೆಂದು ಅವರಿಗೆ ಹೊಳೆಯಲೇ ಇಲ್ಲ. ರಾಯರು ಹಣೆ ಚಚ್ಚಿಕೊಂಡು, ತಾವೇ ನೆಲದ ಮೇಲೆ ಬಿದ್ದು ಸತ್ತು ತೋರಿಸಿದರು. ಅಲ್ಲಿಂದ ಕಾಕಾ ಪಳಗಿದರು. ಗರಡಿಯಲ್ಲಿ ಉಸಿರು ಕಟ್ಟಿ ರೂಢಿಯಾದ ಎದೆ. ಮೂಗಿನ ಮೇಲೆ ನೊಣ ಕೂತರೂ ಅಲುಗುತ್ತಿರಲಿಲ್ಲ. ಸೈನಿಕನಾಗಿ ಸತ್ತರು, ಸಾಹುಕಾರನಾಗಿ ಸತ್ತರು, ಹಾವು ಕಡಿದು ಸತ್ತರು. ಬೇರೆ ಕಂಪನಿಯವರೂ ಸಾಯಲು ಕರೆಯತೊಡಗಿದರು. ಆದರೆ ಹೆಣದ ಹೆಸರನ್ನು ಪರದೆಯ ಮೇಲೆ ಯಾರು ಹಾಕುತ್ತಾರೆ? ಒಮ್ಮೆಯಾದರೂ ತಮ್ಮ ಹೆಸರು ಅಲ್ಲಿ ಮೂಡಬೇಕೆಂಬುದೊಂದೇ ಕಾಕಾನ ಆಸೆ. ಬಾವಿಕಟ್ಟೆಯಲ್ಲಿ ಹಲ್ಲುಜ್ಜುವಾಗಲೂ ಅದನ್ನೇ ಹೇಳುತ್ತಿದ್ದರು.

ಹೆಂಡತಿಗೆ ಮಾತ್ರ ಈ ಸಾವುಗಳ ಸುದ್ದಿ ಗೊತ್ತಿರಲಿಲ್ಲ. ಗಂಡ ಇನ್ನೂ ಈಟಿ ಹಿಡಿದು ನಿಲ್ಲುತ್ತಾರೆಂದೇ ಚನ್ನಬಸವ್ವ ಕಾಕು ತಿಳಿದಿದ್ದರು. ಸಿನೆಮಾ ನೋಡುವುದೆಂದರೆ ಕತ್ತಲೆಯಲ್ಲಿ ಕೂಡುವ ಕೆಲಸ, ಮರ್ಯಾದಸ್ಥರದಲ್ಲ ಎಂಬುದು ಕಾಕುನ ಮತ. ಅಂಥವರನ್ನು ನನ್ನ ತಾಯಿ ಕೃಷ್ಣಾಬಾಯಿ, ದೇವರ ಚಿತ್ರವೆಂದು ಸುಳ್ಳು ಹೇಳಿ, ಒಂದು ಮಧ್ಯಾಹ್ನ ಹೆಂಗಸರ ಆಟಕ್ಕೆ ಎಳೆದುಕೊಂಡು ಹೋದರು. ಅದರಲ್ಲಿ ಕಾಕಾ ಸಾಯುತ್ತಾರೆಂದು ತನಗೆ ತಿಳಿದಿರಲಿಲ್ಲ ಎಂದು ನನ್ನ ತಾಯಿ ಕೊನೆಯವರೆಗೂ ಆಣೆ ಹಾಕುತ್ತಿದ್ದರು. ನಾನು ನಂಬುವುದಿಲ್ಲ.

ಅರ್ಧ ಚಿತ್ರವಾಗುವಷ್ಟರಲ್ಲಿ ಕಾಕಾ ಚಟ್ಟದ ಮೇಲೆ ಬಂದರು. ಯಾವಳೋ ಒಬ್ಬಳು ಅವರ ಎದೆಯ ಮೇಲೆ ಬಿದ್ದು ಬಳೆ ಒಡೆದುಕೊಂಡಳು, ಕುಂಕುಮ ಅಳಿಸಿಕೊಂಡಳು. ಕಾಕು ಬೆಂಚಿನ ಮೇಲೆ ಹತ್ತಿ ನಿಂತರು. ಗಂಡನ ಹೆಸರು ಹಿಡಿದು ಕರೆಯುವಂತಿಲ್ಲವಲ್ಲ, ಪರದೆಯ ಕಡೆ ಕೈ ಮಾಡಿ ಕೂಗಿದರು.

“ರೀ, ಎದ್ದು ಬರ್ರಿ ಇತ್ತಾಗ. ನಿಮ್ಮ ಸಲುವಾಗಿ ಬಳಿ ಒಡಕೊಳ್ಳಾಕ ಆಕಿ ಯಾರು?”

ಅಳುತ್ತಿದ್ದ ಹೆಂಗಸರೆಲ್ಲ ಸೆರಗು ಬಾಯಿಗಿಟ್ಟು ನಕ್ಕರು. ಆ ಸಂಜೆ ವಾಡೆಯವರೆಲ್ಲ ತುಳಸಿಗೆ ದೀಪ ಹಚ್ಚುವ ನೆಪದಲ್ಲಿ ಅಂಗಳದಲ್ಲೇ ಸುಳಿದಾಡಿದರು. ಕಾಕು ಕೂಗಾಡಲಿಲ್ಲ. ಮುತ್ತೈದೆಯ ಮನೆಯಲ್ಲಿ ಹೊಟ್ಟೆಪಾಡಿಗೆಂದು ಸಾಯುವುದು ಇನ್ನು ಸಾಕು, ಸತ್ತು ಬಂದವರಿಗೆ ಇಲ್ಲಿ ರೊಟ್ಟಿ ಇಲ್ಲ ಎಂದರು, ಅಷ್ಟೇ. ಮರುದಿನದಿಂದ ಕಾಕಾನ ಕೈಗೆ ಮತ್ತೆ ಈಟಿ ಬಂತು.

ಗ್ರಹಚಾರ ನೋಡಿ, ರಾಯರು ದೊಡ್ಡ ಪಾತ್ರ ತಂದದ್ದೂ ಅದೇ ತಿಂಗಳು. ಲಕ್ವಾ ಹೊಡೆದು ಮಾತು ನಿಂತ ಮುದುಕ, ನಾಯಕನ ತಂದೆ. ಚಿತ್ರದುದ್ದಕ್ಕೂ ಕಣ್ಣಲ್ಲೇ ಮಾತಾಡಿ ಕೊನೆಗೆ ಮಗನ ತೊಡೆಯ ಮೇಲೆ ಸಾಯಬೇಕು. ಹೆಸರು ಪರದೆಯ ಮೇಲೆ ಬರುತ್ತದೆ, ದೊಡ್ಡ ಅಕ್ಷರದಲ್ಲಿ. ಕಾಕಾ ಹೂಂ ಎನ್ನಲಾರದೆ, ಒಲ್ಲೆ ಎನ್ನಲಾರದೆ ಊಟ ಬಿಟ್ಟರು. ಭೀಮ ಅರ್ಧ ರೊಟ್ಟಿಗೆ ಇಳಿದದ್ದನ್ನು ಕಾಕುಗೇ ನೋಡಲಾಗಲಿಲ್ಲ. ತಲೆಯ ಮೇಲೆ ಸೆರಗು ಹೊದ್ದು, ಗಂಡನನ್ನು ಹಿಂದೆ ಹಾಕಿಕೊಂಡು ತಾವೇ ಸ್ಟುಡಿಯೋಕ್ಕೆ ನಡೆದರು.

ಇವರು ಸಾಯುವುದಕ್ಕೆ ತನ್ನ ಅಡ್ಡಿಯಿಲ್ಲ, ಆದರೆ ಇವರ ಹೆಸರಿನಲ್ಲಿ ಯಾವ ಹೆಂಗಸೂ ಬಳೆ ಒಡೆಯಕೂಡದು ಎಂದು ಕಾಕು ರಾಯರಿಗೆ ಹೇಳಿದರು. ಹೆಂಡತಿ ಅಳದಿದ್ದರೆ ಅದೆಂಥ ಸಾವು ಎಂದು ರಾಯರು ಕೇಳಿದರು.

“ಅದಕ್ಯಾಕ ಅಷ್ಟು ವಿಚಾರ ಮಾಡ್ತೀರಿ? ಆಕಿನ್ನ ಮೊದಲ ಕಳಸ್ರಿ. ಮುತ್ತೈದಿಯಾಗಿ ಹೋಗಲಿ, ನಿಮಗೂ ಪುಣ್ಯಾ ಬರ್ತದ.”

ರಾಯರು ಸ್ವಲ್ಪ ಹೊತ್ತು ಮೀಸೆ ತಿರುವಿ, ಕತೆಗೂ ಇದೇ ಒಳ್ಳೆಯದೆಂದು ಒಪ್ಪಿದರು. ನಾಯಕನ ತಾಯಿಯ ಪಾತ್ರದ ನಟಿ ಒಪ್ಪಲಿಲ್ಲ. ಅಳುವ ದೃಶ್ಯವೇ ಹೋದ ಮೇಲೆ ತಾನೇಕೆ ಇರಲಿ ಎಂದು ಟಾಂಗಾ ತರಿಸಿಕೊಂಡು ಹೊರಟುಹೋದಳು. ಈಗ ಕತೆಯಲ್ಲಿ ತಾಯಿ ಎಂದೋ ತೀರಿಕೊಂಡವಳಾದಳು. ಗೋಡೆಯ ಮೇಲೆ ಮಾಲೆ ಹಾಕಿದ ಅವಳದೊಂದು ಫೋಟೋ ಇದ್ದರೆ ಸಾಕು. ಆದರೆ ಸತ್ತವರ ಫೋಟೋ ಕೊಡಲು ಅವರ ಮನೆಯವರು ಒಲ್ಲೆಂದರು. ಬದುಕಿದ್ದವರು ಮಾಲೆ ಎಂಬ ಮಾತು ಕೇಳಿಯೇ ಎದ್ದು ಹೋದರು.

“ನಂದ ಹಾಕ್ರಿ,” ಎಂದರು ಕಾಕು. “ಇವರಕಿಂತ ಮೊದಲ ಹೋಗಬೇಕಂತ ನಾ ದಿನಾ ಬೇಡಕೊಳ್ಳಾಕಿ.”

ಮರುದಿನವೇ ಇಳಕಲ್ ಸೀರೆ ಉಟ್ಟು, ಮೂಗಿಗೆ ನತ್ತು ಏರಿಸಿ, ನನ್ನ ತಾಯಿಯ ಜೊತೆ ಕ್ಯಾಂಪ್ ಪೇಟೆಯ ಫೋಟೋ ಅಂಗಡಿಗೆ ಹೋದರು. ಸತ್ತವರು ಇಷ್ಟು ನಗಬಾರದು ಎಂದು ನನ್ನ ತಾಯಿ ಎಚ್ಚರಿಸಿದ್ದಕ್ಕೆ, ಮುತ್ತೈದೆಯಾಗಿ ಸತ್ತವಳು ನಗದೆ ಇನ್ನೇನು ಮಾಡುತ್ತಾಳೆ ಎಂದರಂತೆ. ಗಂಡನ ಹೆಸರು, ತನ್ನ ಮುಖ, ಎರಡೂ ಒಂದೇ ಸಿನೆಮಾದಲ್ಲಿ ಬರುತ್ತವೆಂದು ವಾಡೆಯ ತುಂಬ ಡಂಗುರ ಹೊಡೆದರು. ಮರ್ಯಾದಸ್ಥರ ಮಾತು ಎಲ್ಲಿ ಹೋಯಿತೋ.

ಆ ದೃಶ್ಯ ತೆಗೆಯುವ ದಿನ ಕಾಕುಗೆ ಕ್ಯಾಮರಾದ ಪಕ್ಕದಲ್ಲೇ ಕುರ್ಚಿ. ಕಾಕಾ ಮಂಚದ ಮೇಲೆ, ಮಗನ ತೊಡೆಯಲ್ಲಿ. ಗೋಡೆಯ ಮೇಲಿನ ಹೆಂಡತಿಯನ್ನು ಒಮ್ಮೆ ನೋಡಿ ಕಣ್ಣು ಮುಚ್ಚಬೇಕು, ಅಷ್ಟೇ ಕೆಲಸ. ದೀಪಗಳು ಹತ್ತಿದವು. ಕಾಕಾ ತಲೆ ಹೊರಳಿಸಿ ನೋಡಿದರು. ಗೋಡೆಯ ಮೇಲೆ ಚನ್ನಬಸವ್ವ ನಗುತ್ತಿದ್ದರು, ಕೊರಳಿಗೆ ಚೆಂಡುಹೂವಿನ ಮಾಲೆ, ಮುಂದೆ ಊದಿನಕಡ್ಡಿ. ಕಾಕಾ ನೋಡುತ್ತಲೇ ಉಳಿದರು. ಕಣ್ಣು ಮುಚ್ಚಿರಿ ಎಂದು ರಾಯರು ಸನ್ನೆ ಮಾಡಿ ಸೋತರು. ಲಕ್ವಾ ಹೊಡೆದ ಮುದುಕ ಮಂಚದಿಂದೆದ್ದು ದಾಪುಗಾಲು ಹಾಕಿ ನಡೆದು ಮಾಲೆ ಕಿತ್ತೊಗೆದ. ಫೋಟೋ ಇಳಿಸಿ ಕಂಕುಳಲ್ಲಿ ಇಟ್ಟುಕೊಂಡ.

“ನಾ ಬೇಕಾದಷ್ಟು ಸಲ ಸಾಯ್ತೇನ್ರಿ ಸಾಹೇಬ್ರ,” ಎಂದರು ಕಾಕಾ. “ಈಕಿ ಸತ್ತದ್ದು ನೋಡಾಕ ನನ್ನ ಕೈಲೆ ಆಗೂದಿಲ್ಲ.”

ಫೋಟೋ ಮತ್ತೆ ತೂಗುಹಾಕು, ಇಲ್ಲವೆ ಮನೆಗೆ ಹೋಗು ಎಂದು ರಾಯರು ಸಿಟ್ಟಾದರು. ಕಾಕಾ ಬಣ್ಣವನ್ನೂ ಅಳಿಸದೆ ಮನೆಗೆ ಹೊರಟರು. ರಾಯರು ಟಾಂಗಾ ಕಳಿಸಿದ್ದೇ ತಡ ಆ ನಟಿ ತಿರುಗಿ ಬಂದಳು. ಬೇರೊಬ್ಬ ಮುದುಕನ ಮೇಲೆ ಬಿದ್ದು ಹೊಟ್ಟೆ ತುಂಬ ಅತ್ತಳು. ದೊಡ್ಡ ಅಕ್ಷರದಲ್ಲಿ ಬಂದದ್ದು ಆ ಮುದುಕನ ಹೆಸರು. ಸ್ವಾತಂತ್ರ್ಯ ಬಂದ ವರ್ಷವೂ ನಮ್ಮ ಕಾಕಾ ಯಾವನೋ ರಾಜನ ಪಕ್ಕ ಈಟಿ ಹಿಡಿದು ನಿಂತಿದ್ದರು. ಅವರ ಹೆಸರು ಯಾವ ಪರದೆಯ ಮೇಲೂ ಬರಲಿಲ್ಲ. ಇವತ್ತಿಗೂ ಅದು ನನ್ನ ಹೊಟ್ಟೆ ಉರಿಸುತ್ತದೆ.

ಅವತ್ತು ಸ್ಟುಡಿಯೋದಿಂದ ಮನೆಗೆ ಬರುವ ದಾರಿಯಲ್ಲಿ ಆದದ್ದನ್ನು ಕಾಕು ನನ್ನ ತಾಯಿಗೆ ಮಾತ್ರ ಹೇಳಿದ್ದರು. ಟಾಂಗಾ ಹತ್ತಿದಾಗಿನಿಂದ ಕಾಕು ಬೈದದ್ದೇ ಬೈದದ್ದು: ಹೆಸರೂ ಹೋಯಿತು, ಮುಖವೂ ಹೋಯಿತು, ಹೂವಿನ ಮಾಲೆ ಕಂಡರೆ ಹೆದರುವ ಇವರೆಂಥ ಭೀಮ. ಕಾಕಾ ಫೋಟೋ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು.

“ಹಂಗಾದ್ರ ನಾ ಮೊದಲ ಹೋಗಬಾರದೇನು?” ಎಂದು ಕಾಕು ಕೊನೆಗೆ ಕೇಳಿದರು.

“ಹೋಗಬ್ಯಾಡ,” ಎಂದರು ಕಾಕಾ.

ಹೆಂಗಸರೆಲ್ಲ ಹರಕೆ ಹೊತ್ತು ಬೇಡುವುದನ್ನು ಬೇಡವೆನ್ನುವ ಗಂಡನನ್ನು ಕಾಕು ಕಂಡದ್ದು ಇದೇ ಮೊದಲು. ಕಾಯಿಪಲ್ಲೆ ಮಾರ್ಕೆಟ್ಟಿನ ಮುಂದೆ ಟಾಂಗಾ ನಿಲ್ಲಿಸಿ, ಕಾಕಾನಿಗೆ ಇಷ್ಟವಾದ ಎಣಗಾಯಿಗೆ ಎಳೆಯ ಬದನೆಕಾಯಿ ಆರಿಸಿಕೊಂಡು ಬಂದರು.