ಅತ್ತಿಗೆ ಒಪ್ಪಿಕೊಂಡ ತಪ್ಪು

ನಮ್ಮ ಅವ್ವನ ಸಿಟ್ಟು ದೇವದುರ್ಗದ ನಮ್ಮ ಓಣಿಗೆಲ್ಲ ಗೊತ್ತು. ನಲ್ಲಿ ನೀರು ಬಿಟ್ಟ ದಿನ ಅದು ಇನ್ನಷ್ಟು ಏರುತ್ತದೆ. ಅಂಥದೇ ಒಂದು ಬೆಳಿಗ್ಗೆ, ಸರದಿ ತಪ್ಪಿಸಿದಳೆಂದು ಪಕ್ಕದ ಮನೆಯಾಕೆಗೆ ಕೊಡದಿಂದ ಬಾರಿಸಿಯೇ ಬಿಟ್ಟಳು. ಆಕೆಯ ಹಣೆ ಒಡೆಯಿತು. ಪೊಲೀಸರು ಬಂದಾಗ ಮುಂದೆ ಹೋಗಿ ನಿಂತವಳು ಅಣ್ಣನ ಹೆಂಡತಿ, ನಮ್ಮ ಅತ್ತಿಗೆ. "ಹೊಡದಾಕಿ ನಾನ್ರೀ" ಎಂದಳು. ಪೆಟ್ಟು ತಿಂದಾಕೆಯೂ ತಕರಾರು ತೆಗೆಯಲಿಲ್ಲ. ವಯಸ್ಸಾದ ಅವ್ವನನ್ನು ಕೋರ್ಟಿಗೆ ಎಳೆದರೆ ಓಣಿಯವರು ಆಕೆಯನ್ನೇ ಆಡಿಕೊಳ್ಳುತ್ತಿದ್ದರು.

ಹಿರಿಯರ ಕೇಸನ್ನು ಕಿರಿಯರು ಮೈಮೇಲೆ ಹಾಕಿಕೊಳ್ಳುವುದು ನಮ್ಮ ಮನೆಯಲ್ಲಿ ಹೊಸದಲ್ಲ. ಅಜ್ಜನ ಸಲುವಾಗಿ ಚಿಕ್ಕಪ್ಪನೂ ಹಾಗೇ ಮಾಡಿದ್ದ. ತಪ್ಪೊಪ್ಪಿಕೊಳ್ಳುವುದು, ದಂಡ ಕಟ್ಟುವುದು, ಕೋರ್ಟಿನ ಎದುರಿನ ಹೋಟೆಲಿನಲ್ಲಿ ಮಿರ್ಚಿ ಭಜಿ ತಿಂದು ಮನೆಗೆ ಬರುವುದು. ಅತ್ತಿಗೆಯೂ ಒಪ್ಪಿಕೊಂಡಳು. ಭಜಿ ತಿಂದು ಖಾರ ಸಾಲದು ಎಂದಳು. ನಾವೆಲ್ಲ ನಕ್ಕೆವು.

ಒಂದು ಮಾತು ಮಾತ್ರ ನಮಗ್ಯಾರಿಗೂ ಹೊಳೆಯಲಿಲ್ಲ. ಅತ್ತಿಗೆ ಶ್ರೀಲಂಕಾದವಳು. ಅಣ್ಣ ಕುವೈತಿನಲ್ಲಿ ಡ್ರೈವರ್ ಆಗಿದ್ದಾಗ, ಅಲ್ಲೇ ಕೆಲಸಕ್ಕಿದ್ದ ಅವಳನ್ನು ಮದುವೆಯಾಗಿ ಊರಿಗೆ ಕರೆತಂದಿದ್ದ. ರೊಟ್ಟಿ ಬಡಿಯುತ್ತ, ನಮ್ಮ ಹಾಗೇ ಮಾತಾಡುತ್ತ ಇದ್ದವಳು ಪರದೇಶದವಳೆಂಬುದನ್ನೇ ನಾವು ಮರೆತಿದ್ದೆವು. ಸರಕಾರ ಮರೆತಿರಲಿಲ್ಲ. ವೀಸಾ ಮುಂದುವರಿಸಲು ರಾಯಚೂರಿಗೆ ಹೋದಾಗ ನೋಟಿಸು ಕೈಗೆ ಬಂತು: ಕೋರ್ಟಿನಲ್ಲಿ ಶಿಕ್ಷೆಯಾಗಿದೆ, ನಿಮ್ಮನ್ನು ದೇಶದಿಂದ ಯಾಕೆ ಕಳಿಸಬಾರದು, ಉತ್ತರ ಕೊಡಿ. ಅವಳ ಮಗಳಿಗೆ ಆಗಿನ್ನೂ ಒಂದು ಹಾಲುಹಲ್ಲೂ ಬಿದ್ದಿರಲಿಲ್ಲ.

ನಾನು ಮಾನ್ವಿಯ ಶಾಲೆಯಲ್ಲಿ ಟೀಚರ್. ರಜೆ ಹಾಕಿ, ಅವ್ವ, ಅಣ್ಣ, ಅತ್ತಿಗೆಯ ಜೊತೆ ರಾಯಚೂರಿನ ವಕೀಲರ ಬಳಿಗೆ ಹೋದೆ.

"ದಂಡ ಕಟ್ಟೀವಲ್ರೀ, ಮುಗೀತಲ್ಲ?" ಎಂದ ಅಣ್ಣ.

"ನಿಮ್ಮಂಥವ್ರಿಗೆ ಮುಗೀತದ. ಆಕಿಗೆ ಮುಗಿಯಂಗಿಲ್ಲ. ದಂಡ ಸಣ್ಣದಿರಬಹುದು, ಆದ್ರ ತಪ್ಪು ಒಪ್ಪಿಕೊಂಡಾಳ, ಶಿಕ್ಷಿ ಆಗ್ಯಾದ. ಒಮ್ಮಿ ಕಳಿಸಿದ್ರ ತಿರುಗಿ ಬರಾಕ ಬಿಡ್ತಾರಂತ ನಾ ಹೇಳಂಗಿಲ್ಲ." ವಕೀಲರು ಕನ್ನಡಕ ತೆಗೆದು ಒರೆಸಿದರು. "ಶಿಕ್ಷಿ ರದ್ದಾಗಬೇಕಂದ್ರ, ಖರೇ ಹೊಡದವರು ಜಿಲ್ಲಾ ಕೋರ್ಟಿನಾಗ ಬಂದು ಹೇಳಬೇಕು."

ವಾಪಸು ಬರುವಾಗ ಅವ್ವ ಬಸ್ಸಿನ ಕಿಟಕಿಯ ಪಕ್ಕ ಕೂತಳು. ನನಗಂತೂ ಅವ್ವನ ಮೇಲೆ ಮೈಯೆಲ್ಲ ಉರಿಯುತ್ತಿತ್ತು. ಬಸ್ಸು ಕಲ್ಮಲ ದಾಟಿದ ಮೇಲೆ ಅತ್ತಿಗೆ ಮಾತು ತೆಗೆದಳು.

"ಅತ್ತೀ, ನೀವು ಕೋರ್ಟಿಗೆ ಬರಬ್ಯಾಡ್ರಿ. ನಾ ಹೋಗಿ ಸ್ವಲ್ಪ ದಿನ ಬಿಟ್ಟು ಬರ್ತೀನಿ. ಪಾಪುನ್ನ ನೀವು ನೋಡ್ಕೋರ್ರಿ."

"ಸುಮ್ಮನ ಕೂಡು" ಎಂದಳು ಅವ್ವ. ಊರು ಬರುವವರೆಗೆ ಕಿಟಕಿಯಿಂದ ಮುಖ ತಿರುಗಿಸಲಿಲ್ಲ.

ಶಿಕ್ಷೆ ರದ್ದಾದದ್ದು, ವೀಸಾ ಮುಂದುವರಿದದ್ದು ಎಲ್ಲ ಆಮೇಲೆ, ಬಹಳ ಅಲೆದಾಡಿದ ನಂತರ. ನನಗೆ ಅವ್ವ ಕೋರ್ಟಿಗೆ ಬಂದ ದಿನವೇ ನೆನಪಾಗುತ್ತದೆ. ತಲೆ ತುಂಬ ಸೆರಗು ಹೊದ್ದು ನಿಂತಿದ್ದಳು. ಕೊಡದಿಂದ ಹೊಡೆದವಳು ತಾನೇ ಎಂದು ಒಂದೇ ಉಸಿರಿಗೆ ಹೇಳಿದಳು.

"ಹಾಗಾದರೆ ಇಷ್ಟು ದಿನ ಯಾಕಮ್ಮ ಸುಮ್ಮನಿದ್ದಿರಿ?" ಎಂದು ನ್ಯಾಯಾಧೀಶರು ಕೇಳಿದರು.

ಅವ್ವ ಅತ್ತಿಗೆಯ ಕಡೆ ತಿರುಗಿದಳು.

"ನನ್ನ ಮರ್ಯಾದಿ ಉಳೀಲಿ ಅಂತ ಆಕಿ ಮುಂದ ನಿಂತಳ್ರೀ. ಆಕೀದೇನು ಹೋಗ್ತದ ಅಂತ ನಾ ಕೇಳಲೇ ಇಲ್ಲ."