ಎರಡು ಸೆಕೆಂಡಿನ ಬೆಟ್ಟ

ಮೊಣಕಾಲು ಸೋತ ಮ್ಯಾಲೆ ನಮ್ಮವ್ವ ರಾಯದುರ್ಗದ ಬೆಟ್ಟ ಹತ್ತಿಲ್ಲ. "ಮಂಟಪದ ಮುಂದಿನ ಆ ಮೆಟ್ಟಿಲು ಒಮ್ಮೆ ನೋಡ್ಬೇಕಿತ್ತು. ನಿನ್ನ ಸೊಂಟಕ್ಕ ಇಟ್ಕೊಂಡು ಹತ್ತಿದಾಗ ಅಲ್ಲೇ ಕುಂತು ಹಾಲು ಕುಡಿಸಿದ್ದೆ" ಅಂತ ಒಂದೇ ಸಮ ಹೇಳೋಳು. ಯಾರೋ ಬಳಸಿ ಬಿಟ್ಟಿದ್ದ ಕ್ಯಾಮೆರಾ ತಂದೆ. ಮೆಟ್ಟಿಲಿನ ಗೆರೆ ಗೆರೆ ಕಾಣೋ ಹಂಗ ತೆಗೆದೇ ತೀರ್ತೀನಿ ಅಂತ ಹಟ ಹಿಡಿದೆ.

ನಮ್ಮ ಮನಿ ಇರೋದು ನಾನು ಹೊಲಿಯೋ ಜೀನ್ಸ್ ಯೂನಿಟ್ಟಿನ ಮ್ಯಾಲೆ. ಮಂಟಪ ಸರಿಯಾಗಿ ಕಾಣೋದು ನಮ್ಮ ಮಾಳಿಗಿಯಿಂದ ಮಾತ್ರ. ಬ್ಯಾರೆ ಕಡೆ ಹೋದ್ರ ಬಂಡೆ ಅಡ್ಡ. ಬೆಳಕು ಹರಿಯೋ ಹೊತ್ತಿಗೆ ಸ್ಟ್ಯಾಂಡ್ ಇಟ್ಟು, ಹತ್ತಿರದ ಬಂಡೆಯಿಂದ ಬೆಟ್ಟದ ತುದಿಯ ಕ್ವಾಟೆ ತನಕ ಎಲ್ಲಾ ಚೊಕ್ಕ ಬರ್ಲಿ ಅಂತ ಅಪರ್ಚರ್ ಹದಿನಾರಕ್ಕ ಇಟ್ಟೆ. ಲೆನ್ಸಿನ ಆ ಕಿಂಡಿ ಸಣ್ಣದಾದ್ರ ಬೆಳಕು ಸಾಲಂಗಿಲ್ಲ, ಶಟರ್ ಎರಡು ಸೆಕೆಂಡ್ ತೆರೆದಿರಬೇಕು. ಕೈ ತಾಗಿ ಅಲುಗೀತು ಅಂತ ಟೈಮರ್ ಬ್ಯಾರೆ ಹಾಕಿದೆ. ಆದ್ರೂ ಮೆಟ್ಟಿಲು ಮಸುಕು. ಮೂರು ದಿನ! ಲೆನ್ಸಿಗೆ ಬೈದೆ, ಮಾರಿದವನಿಗೂ ಬೈದೆ.

"ಗ್ವಾಡಿ ಮುಟ್ಟಿ ನೋಡು" ಅಂದ್ಲು ಅವ್ವ, ಮಂಚದ ಮ್ಯಾಲಿಂದ.

ಮುಟ್ಟಿದೆ. ಜುಮ್ ಅಂತಿತ್ತು. ಕೆಳಗಿನ ಮಷೀನಿನ ನಡುಕಕ್ಕ ಮಾಳಿಗಿ ಮ್ಯಾಲಿನ ಸ್ಟ್ಯಾಂಡೂ ಅಲುಗ್ತಿತ್ತು. ಆರ್ಡರ್ ಜೋರಿದ್ದಾಗ ನನ್ನ ಪಾಳಿಗಿಂತ ಮೊದ್ಲು, ನಸುಕಿಗೇ ಮಷೀನ್ ಶುರು, ಭಾನುವಾರನೂ ಬಿಡುವಿಲ್ಲ. ಅಯ್ಯೋ ನನ್ನ ಬುದ್ಧಿಗಿಷ್ಟು! ಇಡೀ ದಿನ ಆ ನಡುಕದಾಗೇ ಕುಂತ ಮೈಗೆ ಅದು ಗೊತ್ತೇ ಆಗ್ತಿರ್ಲಿಲ್ಲ.

ಕೆಳಗಿಳಿದು ಸೂಪರ್‌ವೈಸರ್‌ನ ಕೇಳಿದೆ. "ಫೋಟೋ ಕೋಸಂ ಮಷೀನ್ಲು ಆಪಾಲಾ?" ಫೋಟೋಕ್ಕಂತ ಮಷೀನ್ ನಿಲ್ಲಿಸ್ಬೇಕಾ ಅಂತ ತೆಲುಗಿನಾಗ ನಕ್ಕ. ನಾನು ಜಗ್ಗಲಿಲ್ಲ. ಸಾಲಾಗಿ ಕುಂತಿದ್ದ ಹೆಣ್ಮಕ್ಕಳನ್ನೇ ಕೇಳಿದೆ: "ನಾಳೆ ಮಾಳಿಗಿಯಿಂದ ಕೂಗ್ತೀನಿ. ನಮ್ಮವ್ವನ ಸಲುವಾಗಿ ಒಂದು ಗಳಿಗಿ ಪೆಡಲ್ ಬಿಡ್ರವ್ವಾ."

"ನನ್ನ ಕೈ ಹಿಡಿದು ಮೊದಲ ಹೊಲಿಗಿ ಕಲಿಸಿದಾಕಿ ನಿಮ್ಮವ್ವ" ಅಂದ್ಲು ಅವರಾಗ ಹಿರಿಯಾಕಿ. "ನೀ ಕೂಗೇ, ಅವ ಏನಂತಾನೋ ನಾನು ನೋಡ್ತೀನಿ."

ಮರುದಿನ ನಸುಕಿಗೆ ಮಾಳಿಗಿಯಿಂದ ಕೂಗಿದೆ. ಕೆಳಗ ಎಲ್ಲಾ ಕಾಲೂ ಒಮ್ಮೆಗೇ ಪೆಡಲ್ ಬಿಟ್ವು. ಬೆಟ್ಟದ ಕಡೆಯಿಂದ ನವಿಲು ಕೂಗಿದ್ದು ಕೇಳಿಸ್ತು. ಶಟರ್ ತೆರೀತು, ಮುಚ್ಚಿತು.

ಒಳಗ ಓಡಿದೆ. ಅವ್ವ ಗ್ವಾಡಿಗೆ ಅಂಗೈ ಹಚ್ಚಿ ಗಾಬರಿಯಾಗಿದ್ಲು. "ಮಷೀನ್ ಯಾಕ ನಿಂತ್ವು? ಯಾರ ಬೆರಳಿಗೆ ಸೂಜಿ ಹೊಕ್ತೇ?"

"ಯಾರಿಗೂ ಏನಾಗಿಲ್ಲ. ನಿನಗಂತ ನಿಲ್ಲಿಸ್ಯಾರ" ಅಂತ ಫೋಟೋ ದೊಡ್ಡದು ಮಾಡಿ ತೋರಿಸಿದೆ. ಮೆಟ್ಟಿಲಿನ ಬಿರುಕು ಸುದ್ದಾ ಕಾಣ್ತಿತ್ತು.

ಅವ್ವ ಅದನ್ನ ಒಂದೇ ಸಲ ನೋಡಿದ್ಲು. "ಎಲ್ಲಾರೂನಾ?" ಅಂದ್ಲು.

"ಹೂಂ, ಎಲ್ಲಾರೂ."

ಆಕಿಗೆ ಅಳು ತಡೀಲಿಕ್ಕಾಗ್ಲಿಲ್ಲ. ಗ್ವಾಡಿ ಮ್ಯಾಲಿನ ಕೈ ತೆಗೀಲಿಲ್ಲ. ಮಷೀನ್ ಮತ್ತ ಶುರುವಾಗಿದ್ವು.